ಬ್ರಿಕೋಲಾ ಸಂಘದ ಗುರುವಾರದ ಫೋನು

ಫೆಬ್ರವರಿ ಬಂತೆಂದರೆ ನಮ್ಮ ಅಕ್ವಾಲೆಂಟಾ ಊರು ಮಂಜಿನೊಳಗೆ ಕರಗಿಹೋಗುತ್ತದೆ. ಇಟಲಿಯ ಪೋ ನದಿ ಸಮುದ್ರ ಸೇರುವ ಮುಂಚೆ ಯಾವ ಕಡೆ ಹೋಗಲಿ ಎಂದು ತಿಳಿಯದೆ ಹತ್ತಾರು ಕವಲಾಗಿ ಹರಡಿಕೊಳ್ಳುವ ಜಾಗ ನಮ್ಮದು. ಎದುರುಮನೆ ಕಾಣುವುದಿಲ್ಲ, ಆ ಮನೆಯಲ್ಲಿ ಈರುಳ್ಳಿ ಹುರಿಯುವ ವಾಸನೆ ಮಾತ್ರ ಬರುತ್ತದೆ. ಕಾಲುವೆಯಲ್ಲಿ ದೋಣಿ ಕಾಣುವುದಿಲ್ಲ, ದೋಣಿಯವನು ಸೀನಿದ್ದು ಕೇಳುತ್ತದೆ. ಇಷ್ಟು ಮಂಜಿದ್ದರೂ ಯಾರ ಮನೆಯಲ್ಲಿ ಏನಾಯಿತು ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಎರ್ಸಿಲಿಯಾ ಮನೆಗೆ ಮಗಳು ಭಾನುವಾರದ ಊಟಕ್ಕೆ ಬರುವುದನ್ನು ಬಿಟ್ಟಿದ್ದಾಳೆ ಎನ್ನುವುದೂ ಹಾಗೆಯೇ ಗೊತ್ತಾಯಿತು.

ಎರ್ಸಿಲಿಯಾಗೆ ಅರವತ್ತು. ಗಂಡ ಲೆಯಾರ್ಕೊ ಹಾವುಮೀನು ಹಿಡಿಯುವವನು, ಮಾತು ಕಡಿಮೆ. ಒಬ್ಬಳೇ ಮಗಳು ಮಿರ್ತಾ, ಶಾಲೆ ಮಕ್ಕಳ ಬಸ್ಸು ಓಡಿಸುತ್ತಾಳೆ. ಆ ಬಸ್ಸಿನ ಹಳದಿ ದೀಪ ಮಂಜಿನಲ್ಲಿ ತೇಲಿ ಬಂದರೆ ಊರಿನವರು ಗಡಿಯಾರ ನೋಡುವುದೇ ಇಲ್ಲ. ಅಂಥ ಹುಡುಗಿ ಒಂದು ಭಾನುವಾರ ಸಾರು ಬಡಿಸಿಕೊಳ್ಳುತ್ತಾ ಹೇಳಿದಳು:

"ಅಮ್ಮಾ, ಮೇ ಕೊನೇಲಿ ನಾನೂ ಫೋಸ್ಕಾನೂ ಪುರಸಭೇಲಿ ಸಹಿ ಹಾಕ್ತೀವಿ."

"ಸಹಿ ಯಾತಕ್ಕೆ? ಬಾಡಿಗೆ ಮನೆಗಾ?"

"ಬಾಳೋದಕ್ಕೆ. ಹೋದ ವರ್ಷ ಕಾನೂನು ಬಂತಲ್ಲ. ಇಬ್ಬರು ಹೆಂಗಸರು, ಇಬ್ಬರು ಗಂಡಸರು ಜೊತೆಯಾಗಿ ಬಾಳ್ತೀವಿ ಅಂತ ಸರ್ಕಾರದ ಮುಂದೆ ಹೇಳಬಹುದು."

ಎರ್ಸಿಲಿಯಾ ಸೌಟು ಕೆಳಗಿಟ್ಟಳು. ಫೋಸ್ಕಾ ಯಾರೆಂದು ಅವಳಿಗೆ ಗೊತ್ತಿತ್ತು. ಕಾಲುವೆಯಾಚೆ ದೋಣಿ ರಿಪೇರಿ ಮಾಡುವ ಹುಡುಗಿ. ಮೈಮೇಲೆ ಯಾವಾಗಲೂ ಡಾಂಬರಿನ ಕಲೆ. ಇಬ್ಬರೂ ವರ್ಷಾನುಗಟ್ಟಲೆ ಒಟ್ಟಿಗೆ ಓಡಾಡಿದ್ದು, ಒಂದೇ ಮನೆಯಲ್ಲಿ ಇದ್ದದ್ದು ಎಲ್ಲವನ್ನೂ ಅವಳು ನೋಡಿದ್ದಳು. ನೋಡಿಯೂ ನೋಡದ ಹಾಗೆ ಇದ್ದಳು.

"ಜನ ಏನಂತಾರೆ, ಯೋಚನೆ ಮಾಡಿದ್ದೀಯಾ? ಆ ಬ್ರಿಕೋಲಾ ಸಂಘದವರೇ ನಿನ್ನ ತಲೆ ಕೆಡಿಸಿದ್ದು!"

"ಬ್ರಿಕೋಲಾಕ್ಕೆ ಹೋಗೋಕೆ ಮುಂಚೇನೂ ನಾನು ಹೀಗೇ ಇದ್ದೆ, ಅಮ್ಮಾ."

"ಹಾಗಾದ್ರೆ ಅವಳ ಜೊತೆ ಇರೋದು ಬಿಡು. ಬಿಡಕ್ಕಾಗಲ್ಲ ಅಂದ್ರೆ ಈ ಮನೆಗೆ ಬರಬೇಡ."

ಮಿರ್ತಾ ಕೋಟು ಹಾಕಿಕೊಂಡು ಹೊರಟುಹೋದಳು. ಲೆಯಾರ್ಕೊ ತಟ್ಟೆ ನೋಡುತ್ತಾ ಕುಳಿತಿದ್ದ. ಸಾರು ಆರಿಹೋಯಿತು.

ಪಕ್ಕದ ಮನೆಯ ಯೋಲೆ ಮತ್ತು ಎರ್ಸಿಲಿಯಾ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಯೋಲೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಈಗ ನಿವೃತ್ತಿ. ಬ್ರಿಕೋಲಾ ಸಂಘ ಕಟ್ಟಿದವರಲ್ಲಿ ಅವಳೂ ಒಬ್ಬಳು. ಬ್ರಿಕೋಲಾ ಎಂದರೆ ನಮ್ಮ ಕಡೆ ನೀರಿನಲ್ಲಿ ನೆಟ್ಟಿರುವ ದಪ್ಪ ಮರದ ಗೂಟ. ದೋಣಿಯವರಿಗೆ ಆಳ ಎಲ್ಲಿದೆ, ಕೆಸರು ಎಲ್ಲಿದೆ ಎಂದು ಅದೇ ಹೇಳುವುದು. ಗಂಡಸನ್ನು ಪ್ರೀತಿಸುವ ಗಂಡಸರು, ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು, ಹುಟ್ಟಿದ ಮೈಯೇ ಒಂದು, ಒಳಗಿನ ಮನಸ್ಸೇ ಒಂದು ಆಗಿರುವವರು ಸೇರಿ ಕಟ್ಟಿಕೊಂಡ ಸಂಘಕ್ಕೆ ಅದೇ ಹೆಸರು.

ಎರ್ಸಿಲಿಯಾಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ ಎನ್ನುವುದು ಯೋಲೆಗೆ ಗೊತ್ತಿತ್ತು. ಅವಳು ಬೇರೆ ದಾರಿ ಹಿಡಿದಳು. ಬೇಲಿಯಾಚೆಯಿಂದ, ಏನೋ ನೆನಪಾದವಳ ಹಾಗೆ ಹೇಳಿದಳು:

"ಗುರುವಾರ ಸಂಘದಲ್ಲಿ ಕಪ್ಪೆಲ್ಲಾಚ್ಚಿ ಕಡುಬು ಮಾಡ್ತಾರೆ ಕಣೇ. ಪಾಪ, ಸಿಹಿಗುಂಬಳದ ಹೂರಣಕ್ಕೆ ಸಕ್ಕರೆ ಹಾಕ್ತಿದ್ದಾರೆ."

ಎರ್ಸಿಲಿಯಾ ಒಗೆದ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. "ಏನಂದೆ? ಸಿಹಿಗುಂಬಳಕ್ಕೆ ಸಕ್ಕರೆನಾ?"

"ಹೂಂ. ಹಿಟ್ಟನ್ನೂ ಚಪಾತಿ ಥರ ದಪ್ಪ ಲಟ್ಟಿಸ್ತಾರೆ."

ನಾವು ಇಟಲಿಯವರು ಚಪಾತಿ ಎಲ್ಲಿ ಕಂಡಿದ್ದೇವೆ! ಅವಳು ಹೇಳಿದ್ದು ನಮ್ಮ ಪಿಯಾದಿನಾ ರೊಟ್ಟಿಯ ಹೆಸರು. ಓದುವ ನಿಮಗೆ ಬೇಗ ತಿಳಿಯಲಿ ಎಂದು ನಾನು ಹೀಗೆ ಬರೆದೆ. ಅಂತೂ ಬಾಣ ತಾಗಿತು. ಊರಿನಲ್ಲಿ ಎರ್ಸಿಲಿಯಾ ಕೈಯ ಕಪ್ಪೆಲ್ಲಾಚ್ಚಿಗೆ ಸಾಟಿ ಇರಲಿಲ್ಲ, ಹಾಗಂತ ಎಲ್ಲರಿಗಿಂತ ಮೊದಲು ಅವಳೇ ಹೇಳುತ್ತಿದ್ದಳು.

"ನಾನು ಬರೀ ಹಿಟ್ಟು ಹೇಗೆ ನಾದೋದು ಅಂತ ತೋರಿಸಿ ಬರ್ತೀನಿ. ಯಾರ ಹತ್ರಾನೂ ಮಾತಾಡಲ್ಲ."

"ಬೇಡ, ಮಾತಾಡಬೇಡ."

ಗುರುವಾರ ಮಧ್ಯಾಹ್ನ ಇಬ್ಬರೂ ಕಾಲುವೆ ದಂಡೆ ಹಿಡಿದು ನಡೆದರು. ಮಂಜು ಎಷ್ಟಿತ್ತೆಂದರೆ ತಮ್ಮ ಪಾದವೇ ಅವರಿಗೆ ಕಾಣುತ್ತಿರಲಿಲ್ಲ. ಎರಡು ತಲೆಗಳು, ಎರಡು ಚೀಲಗಳು ಗಾಳಿಯಲ್ಲಿ ತೇಲಿಕೊಂಡು ಹೋಗುವ ಹಾಗಿತ್ತು. ಮುಖ ಕಾಣದಿದ್ದರೆ ಕೇಳುವುದು ಸುಲಭ. ಎರ್ಸಿಲಿಯಾ ಕೇಳಿದಳು:

"ಯೋಲೆ, ನೀನು ಆಸ್ಪತ್ರೇಲಿ ಇದ್ದವಳು. ನಿಜ ಹೇಳು. ಇದಕ್ಕೆ ಔಷಧಿ ಇಲ್ವಾ?"

"ರೋಗ ಇದ್ರೆ ತಾನೇ ಔಷಧಿ? ಇದು ರೋಗ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಎಷ್ಟು ಕಾಲ ಆಯ್ತು. ವಾಸಿ ಮಾಡ್ತೀನಿ ಅಂತ ಯಾರಾದ್ರೂ ಬಂದ್ರೆ ಓಡಿಸು. ಮಕ್ಕಳ ಮನಸ್ಸು ಹಾಳು ಮಾಡೋದು ಅಂಥವರೇ."

"ಮತ್ತೆ ನಾನೇನು ತಪ್ಪು ಮಾಡಿದೆ? ಚಿಕ್ಕವಳಿದ್ದಾಗ ಬೊಂಬೆ ಕೊಡಿಸಿದ್ದೆ. ಅವಳು ಅವರಪ್ಪನ ಬಲೆ ಹಿಡ್ಕೊಂಡು ಆಡ್ತಿದ್ಲು. ಆಗಲೇ ತಡೀಬೇಕಿತ್ತಾ?"

"ನಾನೂ ಬಲೆ ಹಿಡ್ಕೊಂಡು ಆಡಿದವಳೇ. ಗಂಡ, ಮೂರು ಮಕ್ಕಳು, ಗಂಡನ ಗೊರಕೆ, ಎಲ್ಲಾ ಆಯ್ತಲ್ಲ. ನೀನು ಏನೂ ಮಾಡಿಲ್ಲ ಕಣೇ, ಯಾರೂ ಏನೂ ಮಾಡಲ್ಲ. ಕೆಲವರ ಕಣ್ಣು ನೀಲಿ, ಕೆಲವರದ್ದು ಕಂದು."

ಎರ್ಸಿಲಿಯಾ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಮತ್ತೆ ನೀನ್ಯಾಕೆ ಅವರ ಜೊತೆ ಸೇರ್ಕೊಂಡೆ?"

"ಅದನ್ನ ವಾಲ್ಟೆರ್ ಹೇಳ್ತಾನೆ. ಅವನದ್ದೇ ಕಥೆ ಅದು."

ಬ್ರಿಕೋಲಾ ಇರುವುದು ಹಿಂದೆ ಮೀನು ತೂಗುತ್ತಿದ್ದ ಕಟ್ಟಡದಲ್ಲಿ. ಎಷ್ಟು ಸುಣ್ಣ ಬಳಿದರೂ ಮಳೆಗಾಲದಲ್ಲಿ ಗೋಡೆಗೆ ಮೀನಿನ ವಾಸನೆ ಬರುತ್ತದೆ. ಒಳಗೆ ಒಲೆ ಉರಿಯುತ್ತಿತ್ತು. ಉದ್ದ ಮೇಜಿನ ಸುತ್ತ ಹತ್ತು ಹನ್ನೆರಡು ಜನ ಹಿಟ್ಟಿನಲ್ಲಿ ಮುಳುಗಿದ್ದೆವು. ನಾನೂ ಅಲ್ಲಿದ್ದೆ. ಎರ್ಸಿಲಿಯಾ ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ನೋಡಿದಳು. ಏನು ನಿರೀಕ್ಷಿಸಿದ್ದಳೋ ಏನೋ. ಕಂಡಿದ್ದು ಅಂಚೆ ಕಚೇರಿಯ ಗುಮಾಸ್ತ, ಔಷಧಿ ಅಂಗಡಿಯವಳ ತಮ್ಮ, ತನಗೇ ವಾರವಾರ ತರಕಾರಿ ಮಾರುವ ಹೆಂಗಸು. ಎಲ್ಲರ ಮೂಗಿನ ಮೇಲೂ ಹಿಟ್ಟು.

ಅವಳು ಯಾರಿಗೂ ನಮಸ್ಕಾರ ಹೇಳಲಿಲ್ಲ. ನೇರ ಬಂದು ಹೂರಣ ನೆಕ್ಕಿ ನೋಡಿದಳು.

"ಇದಕ್ಕೆ ಸಕ್ಕರೆ ಹಾಕಿದ ಮಹಾನುಭಾವರು ಯಾರು?"

ನಾವೆಲ್ಲ ತಲೆ ತಗ್ಗಿಸಿದೆವು. ಸಕ್ಕರೆ ಹಾಕಿರಲೇ ಇಲ್ಲ, ಯೋಲೆ ಸುಳ್ಳು ಹೇಳಿದ್ದಳು. ಆದರೆ ಆ ಹೊತ್ತಿಗೆ ನಿಜ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಎರ್ಸಿಲಿಯಾ ತೋಳು ಮಡಿಸಿ ಕೆಲಸಕ್ಕೆ ನಿಂತಳು. ಸ್ವಲ್ಪ ಹೊತ್ತಿನಲ್ಲೇ ಒಬ್ಬೊಬ್ಬರಿಗೂ ಬೈದು, ಕೈ ಹಿಡಿದು, ಲಟ್ಟಣಿಗೆ ಕಿತ್ತುಕೊಂಡು, ಮನೆಯಲ್ಲಿ ಇದ್ದ ಹಾಗೇ ಇದ್ದಳು.

ಕಿಟಕಿಯ ಪಕ್ಕ ಹಳೆಯ ಕರಿ ಫೋನಿನ ಹತ್ತಿರ ವಾಲ್ಟೆರ್ ಕುಳಿತಿದ್ದ. ಹಿಂದೆ ಪೋ ನದಿಯಲ್ಲಿ ಮರಳು ದೋಣಿ ನಡೆಸುತ್ತಿದ್ದವನು. ವಯಸ್ಸಾಗಿ ಬೆನ್ನು ಬಾಗಿದೆ, ಧ್ವನಿ ಮಾತ್ರ ಬಾಗಿಲ್ಲ. ಎರ್ಸಿಲಿಯಾ ಅವನಿಗೂ ಒಂದು ಹಿಡಿ ಹಿಟ್ಟು ಕೊಟ್ಟಳು.

"ಸುಮ್ನೆ ಯಾಕೆ ಕೂತಿದ್ದೀರಿ? ಮಡಿಸಿ."

"ಗುರುವಾರ ನಾನು ಫೋನ್ ಹತ್ರಾನೇ ಇರಬೇಕು, ಸಿನ್ಯೋರಾ. ಮಡಿಸ್ತಾ ಇರ್ತೀನಿ, ಫೋನ್ ಬಂದ್ರೆ ಬಿಡ್ತೀನಿ."

"ಅಂಥದ್ದೇನು ಆ ಫೋನಿನಲ್ಲಿ?"

ವಾಲ್ಟೆರ್ ಯೋಲೆಯ ಮುಖ ನೋಡಿದ. ಯೋಲೆ ತಲೆಯಾಡಿಸಿದಳು. ಅವನು ಹೇಳತೊಡಗಿದ.

"ನಾನೂ ಎಜಿದಿಯೋನೂ ಇಪ್ಪತ್ತು ವರ್ಷ ಒಂದೇ ಮನೇಲಿದ್ವಿ. ಅವನು ಅಕಾರ್ಡಿಯನ್ ರಿಪೇರಿ ಮಾಡ್ತಿದ್ದ. ಊರಿನವರು ನನ್ನನ್ನ 'ಬಾಡಿಗೆಯವನು' ಅಂತಿದ್ರು. ನಾವೂ ಹಾಗೇ ಅನ್ನಿ ಅಂತ ಬಿಟ್ಟಿದ್ವಿ. ಎಂಬತ್ತೆರಡರ ಶರತ್ಕಾಲ. ಅವನಿಗೆ ಪಾರ್ಶ್ವವಾಯು ಹೊಡೀತು. ನಾನೇ ದೋಣೀಲಿ ಮಲಗಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋದೆ. ಬಾಗಿಲಲ್ಲಿ ಕೇಳಿದ್ರು, 'ನೀವು ಯಾರು?' ಅಂತ. ನನಗೆ ಉತ್ತರ ಬರಲಿಲ್ಲ, ಸಿನ್ಯೋರಾ. ಇಪ್ಪತ್ತು ವರ್ಷ ಆ ಪ್ರಶ್ನೆಗೆ ಉತ್ತರ ತಯಾರು ಮಾಡ್ಕೊಂಡೇ ಇರಲಿಲ್ಲ."

"ಆಮೇಲೆ?"

"ಆಮೇಲೆ ಅವನ ಅಣ್ಣನ ಮಕ್ಕಳು ಪಟ್ಟಣದಿಂದ ಬಂದ್ರು. ಒಳಗೆ ರಕ್ತಸಂಬಂಧಿಗಳಿಗೆ ಮಾತ್ರ ಅಂದ್ರು. ಆಸ್ಪತ್ರೆ ಹಿಂದೆ ಕಾಲುವೆ ಇತ್ತು. ದಿನಾ ಮಧ್ಯಾಹ್ನ ನಾನು ದೋಣಿ ತಗೊಂಡು ಅವನ ಕಿಟಕಿ ಕೆಳಗೆ ಬರ್ತಿದ್ದೆ. ಇದೇ ಥರ ಮಂಜು. ಕಿಟಕೀನೂ ಕಾಣ್ತಿರಲಿಲ್ಲ. ದೋಣಿಯ ಕೊಂಬು ಊದ್ತಿದ್ದೆ. ನನ್ನ ಕೊಂಬಿನ ದನಿ ಅವನಿಗೆ ಗೊತ್ತು. ಮೇಲೆ ಒಬ್ಬಳು ಚಿಕ್ಕ ನರ್ಸ್ ಇದ್ಲು. ಮೇಲಿನವರು ಬೈದರೂ, ಥಂಡಿ ಅಂದ್ರೂ, ನನ್ನ ಕೊಂಬು ಕೇಳಿದ ತಕ್ಷಣ ಕಿಟಕಿ ತೆಗೀತಿದ್ಲು."

ಎರ್ಸಿಲಿಯಾ ಯೋಲೆಯ ಕಡೆ ತಿರುಗಿದಳು. ಯೋಲೆ ತಲೆ ಎತ್ತದೆ ಹೂರಣ ಉಂಡೆ ಮಾಡುತ್ತಿದ್ದಳು.

"ಅವನ ಮಾತು ನಿಂತುಹೋಗಿತ್ತು ಕಣೇ," ಯೋಲೆ ಮೆಲ್ಲಗೆ ಹೇಳಿದಳು. "ಕೊಂಬು ಕೇಳಿದ್ರೆ ಬೆರಳು ಆಡಿಸ್ತಿದ್ದ. ಹೊದಿಕೆ ಮೇಲೆ, ಅಕಾರ್ಡಿಯನ್ ನುಡಿಸೋ ಹಾಗೆ."

"ಒಂದು ದಿನ ಕಿಟಕಿ ತೆಗೀಲಿಲ್ಲ," ವಾಲ್ಟೆರ್ ಹೇಳಿದ. "ಅವನ ದೇಹ ಪಟ್ಟಣಕ್ಕೆ ಹೋಯ್ತು. ಮನೆ ಅವನ ಹೆಸರಲ್ಲಿತ್ತು, ಅದಕ್ಕೂ ಬೀಗ ಬಿತ್ತು. ನಾನು ಚಳಿಗಾಲವೆಲ್ಲ ದೋಣೀಲೇ ಮಲಗಿದೆ. ಈ ಯೋಲೆ ಬಂದು ತನ್ನ ಅಡುಗೆಮನೆಗೆ ಕರ್ಕೊಂಡು ಹೋದ್ಲು. ಅಲ್ಲಿ ನನ್ನಂಥವರು ಇನ್ನೂ ನಾಲ್ಕು ಜನ. ಎಲ್ಲಾ ಇದೇ ಊರಿನವರು, ದಿನಾ ಮುಖ ನೋಡೋವರು. ಒಬ್ಬರ ವಿಷಯ ಒಬ್ಬರಿಗೆ ಗೊತ್ತೇ ಇರಲಿಲ್ಲ! ಬೆಳಗಿನವರೆಗೆ ನಕ್ಕಿದ್ದೇ ನಕ್ಕಿದ್ದು. ಆವತ್ತು ಬ್ರಿಕೋಲಾ ಹುಟ್ಟಿತು."

ಮೊದಲು ಅವರು ಮಾಡಿದ ಕೆಲಸ ಒಂದೇ. ಯೋಲೆ ಮನೆಯ ಫೋನಿನ ನಂಬರನ್ನು ಚಿಕ್ಕ ಚೀಟಿಗಳಲ್ಲಿ ಬರೆದು ದೋಣಿ ನಿಲ್ದಾಣ, ಸಿನಿಮಾ ಮಂದಿರ, ಕಾಫಿ ಅಂಗಡಿಗಳಲ್ಲಿ ಅಂಟಿಸಿದರು. 'ಒಬ್ಬರೇ ಅನ್ನಿಸಿದರೆ ಗುರುವಾರ ಮಧ್ಯಾಹ್ನ ಕರೆಯಿರಿ. ಹೆಸರು ಹೇಳಬೇಕಿಲ್ಲ.' ಜನ ಚೀಟಿ ಹರಿದರು. ಇವರು ಮತ್ತೆ ಅಂಟಿಸಿದರು. ಆಮೇಲೆ ಏಡ್ಸ್ ಬಂದ ಕಾಲ. ಕಾಯಿಲೆಯವರ ಲೋಟ ಮುಟ್ಟಲು ಜನ ಹೆದರುತ್ತಿದ್ದಾಗ ಬ್ರಿಕೋಲಾದವರು ಅವರಿಗೆ ಸ್ನಾನ ಮಾಡಿಸಿದರು, ಊಟ ಒಯ್ದರು, ಹೆದರಬೇಡಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಮನೆಮನೆಗೆ ಹೇಳಿದರು. ಅದನ್ನು ಕಂಡ ಮೇಲೇ ಪುರಸಭೆ ಈ ಮೀನು ತೂಗುವ ಕಟ್ಟಡ ಕೊಟ್ಟಿದ್ದು. ಕಿಟಕಿಗೆ ಕಲ್ಲು ಬಿತ್ತು. ವಾಲ್ಟೆರ್ ಹೊಸ ಗಾಜು ಹಾಕಿದ. ಮತ್ತೆ ಬಿತ್ತು, ಮತ್ತೆ ಹಾಕಿದ. ಕುರ್ಚಿ ಇರಲಿಲ್ಲ. ಚರ್ಚಿನ ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ನಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ, ಸೋಮವಾರ ಹಿಂಬಾಗಿಲಿಂದ ಕುರ್ಚಿ ಕಳಿಸಿದರು.

"ಫೋನು ಬರ್ತಿತ್ತಾ?" ಎರ್ಸಿಲಿಯಾ ಕೇಳಿದಳು. ಅವಳ ಕೈ ಈಗ ನಿಧಾನವಾಗಿತ್ತು.

"ಮೊದಲನೇ ಫೋನು ನಾನು ಸಾಯೋವರೆಗೂ ಮರೆಯಲ್ಲ," ವಾಲ್ಟೆರ್ ಹೇಳಿದ. "ಎತ್ತಿದೆ. ಆ ಕಡೆ ಮಾತಿಲ್ಲ. ಉಸಿರು ಮಾತ್ರ. ಇಡಬೇಡಪ್ಪಾ, ಮಾತಾಡದಿದ್ರೂ ಪರವಾಗಿಲ್ಲ ಅಂದೆ. ನನಗೇನು ಗೊತ್ತು ಮಾತು? ನೀರು ಎಷ್ಟು ಏರಿದೆ, ಯಾವ ಕಾಲುವೇಲಿ ಹೂಳು ತುಂಬಿದೆ, ಬಾತುಕೋಳಿ ಬಂದ್ವಾ, ಅದನ್ನೇ ಹೇಳ್ತಾ ಹೋದೆ. ಮುಂದಿನ ಗುರುವಾರ ಮತ್ತೆ ಫೋನು. ಮತ್ತೆ ಬರೀ ಉಸಿರು. ಚಳಿಗಾಲ ಪೂರ್ತಿ ಹೀಗೇ. ಇಬ್ಬರೂ ಮಂಜಿನಲ್ಲಿ ಅಕ್ಕಪಕ್ಕ ದೋಣಿ ನಿಲ್ಲಿಸ್ಕೊಂಡ ಹಾಗೆ ಇರ್ತಿದ್ವಿ. ಆ ಮನೇಲಿ ಯಾರೋ ಮುದುಕರು ಕೆಮ್ಮೋದು ಕೇಳಿಸ್ತಿತ್ತು. ಒಂದು ದಿನ ಅಂದೆ, ನಿಮ್ಮನೆ ಹಿರಿಯರಿಗೆ ಕೆಮ್ಮು ಜಾಸ್ತಿ ಆಯ್ತಲ್ಲಪ್ಪ, ಬಿಸಿ ಹಾಲಿಗೆ ಜೇನುತುಪ್ಪ ಹಾಕಿ ಕೊಡು ಅಂತ. ಆ ಕಡೆಯಿಂದ ನಗು ಬಂತು! ಹುಡುಗನ ನಗು. 'ಅದು ಅಪ್ಪ ಅಲ್ಲ, ಹಕ್ಕಿ' ಅಂದ. ಪಂಜರದ ಮೆರ್ಲೋ ಅಂತೆ. ಚರ್ಚಿನ ಗಂಟೆ ರಾಗ ಅರ್ಧ ಹಾಡಿ, ಆಮೇಲೆ ಅವರಪ್ಪನ ಹಾಗೇ ಕೆಮ್ತಿತ್ತಂತೆ."

ನಾವೆಲ್ಲ ನಕ್ಕೆವು. ಎರ್ಸಿಲಿಯಾ ನಗಲಿಲ್ಲ. ಲಟ್ಟಣಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಆಮೇಲೆ ಮಾತಾಡೋಕೆ ಶುರು ಮಾಡಿದ. ನನ್ನಂಥವರು ಎಷ್ಟು ಜನ ಇದ್ದೀರಿ ಅಂದ. ಅಡುಗೆಮನೆ ತುಂಬ ಇದ್ದೀವಿ ಅಂದೆ. ಬರಲಾ ಅಂದ. ಬಾ ಅಂದೆ. ಅವತ್ತು ಫೋನು ಅರ್ಧಕ್ಕೆ ನಿಂತಿತು. ಯಾರೋ ಕೂಗಿದ್ದು ಕೇಳಿಸ್ತು. ಆಮೇಲೆ ಅವನ ಫೋನು ಬರಲೇ ಇಲ್ಲ." ವಾಲ್ಟೆರ್ ಕೈಯಲ್ಲಿದ್ದ ಹಿಟ್ಟನ್ನು ನೋಡಿದ. "ಹೆಸರು ಗೊತ್ತಿಲ್ಲ. ಬದುಕಿದಾನೋ, ಏನಾದ್ರೂ ಮಾಡ್ಕೊಂಡನೋ. ಮೂವತ್ತು ವರ್ಷದ ಮೇಲಾಯ್ತು. ಪ್ರತಿ ಗುರುವಾರ ಫೋನು ಬಂದಾಗ ಒಂದು ಗಳಿಗೆ, ಅವನೇನೋ ಅಂದ್ಕೊಳ್ತೀನಿ."

"ನೇವಿಯೊ," ಎಂದಳು ಎರ್ಸಿಲಿಯಾ.

ಯಾರಿಗೂ ಅರ್ಥವಾಗಲಿಲ್ಲ.

"ಅವನ ಹೆಸರು ನೇವಿಯೊ. ನನ್ನ ತಮ್ಮ. ಆ ಹಕ್ಕಿ ನಮ್ಮಮ್ಮನದು. ನಾನು ಆವತ್ತು ನಮ್ಮನೆ ಅಡುಗೆಮನೇಲೇ ಇದ್ದೆ, ಇದೇ ಥರ ಹಿಟ್ಟು ಲಟ್ಟಿಸ್ತಿದ್ದೆ. ಅಪ್ಪ ಫೋನು ಕಿತ್ಕೊಂಡ. ಈ ಮನೆಗೆ ಬರಬೇಡ ಅಂದ. ತಮ್ಮ ನನ್ನ ಮುಖ ನೋಡ್ದ. ನಾನು ಲಟ್ಟಿಸ್ತಾನೇ ಇದ್ದೆ." ಅವಳು ಲಟ್ಟಣಿಗೆಯನ್ನು ಮೇಜಿನ ಮೇಲಿಟ್ಟಳು. "ಅವನಿಗೆ ಹಡಗಿನಲ್ಲಿ ಕೆಲಸ ಸಿಕ್ತು ಅಂತ ಊರಿಗೆಲ್ಲಾ ಹೇಳಿದ್ವಿ."

ವಾಲ್ಟೆರ್ ಎದ್ದು ನಿಂತ. ನಿಲ್ಲಲು ಕಷ್ಟವಾಗಿ ಮೇಜು ಹಿಡಿದುಕೊಂಡ. "ಬದುಕಿದಾನಾ?"

"ಬದುಕಿದಾನೆ. ತ್ರಿಯೆಸ್ತೇಲಿ ಇದ್ದಾನೆ. ಅಪ್ಪನ ಮಣ್ಣಿಗೆ ಬಂದಿದ್ದ. ಹಿಂದಿನ ಸಾಲಲ್ಲಿ ನಿಂತಿದ್ದು ಹೊರಟುಹೋದ. ನಾನು ಮಾತಾಡಿಸ್ಲಿಲ್ಲ."

"ಬದುಕಿದಾನಾ!" ವಾಲ್ಟೆರ್ ಮತ್ತೆ ಅಂದ. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡ. ಕೈ ತೆಗೆದಾಗ ಅವನ ಮುಖವೆಲ್ಲ ಬೆಳ್ಳಗಾಗಿತ್ತು, ಕಣ್ಣಿನ ಕೆಳಗೆ ಮಾತ್ರ ಎರಡು ಗೆರೆ. ಎರ್ಸಿಲಿಯಾ ತನ್ನ ಏಪ್ರನ್ನಿನಿಂದ ಅವನ ಮುಖ ಒರೆಸಿದಳು, ಮಗುವಿಗೆ ಒರೆಸುವ ಹಾಗೆ.

ಮನೆಗೆ ಬಂದಾಗ ಲೆಯಾರ್ಕೊ ಬಲೆಯ ಕಣ್ಣು ಹೆಣೆಯುತ್ತಿದ್ದ. ಎರ್ಸಿಲಿಯಾ ಕೋಟು ಬಿಚ್ಚದೆ ಕುಳಿತಳು.

"ನೇವಿಯೊ ಜೊತೆ ಮಾತಾಡಬೇಕು. ನಂಬರ್ ಎಲ್ಲಿ ಸಿಗುತ್ತೋ."

"ನನ್ನ ಮೊಬೈಲಲ್ಲಿದೆ," ಎಂದ ಲೆಯಾರ್ಕೊ.

"ನಿನ್ನ ಹತ್ರ ಹೇಗೆ?"

"ಪ್ರತಿ ಕ್ರಿಸ್‌ಮಸ್‌ಗೆ ಮಾತಾಡ್ತೀವಿ."

"ನನಗೆ ಹೇಳ್ಲೇ ಇಲ್ಲ!"

"ನೀನು ಕೇಳ್ಲೇ ಇಲ್ಲ." ಅವನು ಬಲೆ ಪಕ್ಕಕ್ಕಿಟ್ಟ. ಎಲ್ಲ ಇವತ್ತೇ ಹೇಳಿ ಮುಗಿಸಿಬಿಡೋಣ ಎನ್ನಿಸಿರಬೇಕು. "ಮಿರ್ತಾ ಮನೆಗೂ ಹೋಗ್ತೀನಿ. ಸೋಮವಾರ ಸೋಮವಾರ. ಹೊಗೆಯಾಡಿಸಿದ ಹಾವುಮೀನು ಕೊಟ್ಟು ಬರ್ತೀನಿ. ಫೋಸ್ಕಾ ಒಳ್ಳೆ ಹುಡುಗಿ ಕಣೇ. ನನ್ನ ದೋಣಿ ತಳ ಅವಳೇ ಸರಿ ಮಾಡಿದ್ದು."

"ಈ ಮನೇಲಿ ನನ್ನೊಬ್ಬಳನ್ನ ಬಿಟ್ಟು ಎಲ್ಲರೂ ಎಲ್ಲರ ಹತ್ರ ಮಾತಾಡ್ತಿದ್ದೀರಾ?" ಎಂದಳು ಎರ್ಸಿಲಿಯಾ. ಕೋಪ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ತ್ರಿಯೆಸ್ತೆಗೆ ಫೋನು ಹೋಯಿತು. ಆ ಕಡೆಯಿಂದ ಗಂಡಸಿನ ದನಿ ಯಾರು ಎಂದಿತು. ಈಗ ಮಾತು ಬಾರದೆ ಉಸಿರು ಬಿಡುತ್ತಾ ನಿಲ್ಲುವ ಸರದಿ ಎರ್ಸಿಲಿಯಾದು. ಆ ಕಡೆಯವನು ಫೋನು ಇಡಲಿಲ್ಲ. ಕಾದ. ಎಷ್ಟೋ ಹೊತ್ತಿನ ಮೇಲೆ ಅವನೇ ಮೆಲ್ಲಗೆ, "ಅಕ್ಕಾ?" ಎಂದ.

ಅವರು ಏನು ಮಾತಾಡಿದರೆಂದು ಎರ್ಸಿಲಿಯಾ ಯಾರಿಗೂ ಹೇಳಿಲ್ಲ. ನಾನೂ ಕೇಳಿಲ್ಲ.

ಶನಿವಾರ ಗಂಡ ಹೆಂಡತಿ ಕಾಲುವೆ ದಾಟಿ ಫೋಸ್ಕಾಳ ದೋಣಿ ಕೊಟ್ಟಿಗೆಗೆ ಹೋದರು. ಮಂಜಿನಲ್ಲಿ ಸುತ್ತಿಗೆಯ ಸದ್ದು ಕೇಳಿಸಿಕೊಂಡು ಹೋಗಿ ತಲುಪಿದರು. ಮಗುಚಿ ಹಾಕಿದ ದೋಣಿಯ ಕೆಳಗಿನಿಂದ ಎರಡು ಜೊತೆ ಕಾಲು ಕಾಣುತ್ತಿದ್ದವು. ಮಿರ್ತಾ ಹೊರಗೆ ಬಂದಳು. ತಾಯಿಯನ್ನು ನೋಡಿ ಕೈಯಲ್ಲಿದ್ದ ಬ್ರಷ್ಷನ್ನು ಹಾಗೇ ಹಿಡಿದು ನಿಂತಳು. ಅದರಿಂದ ಬಣ್ಣ ತೊಟ್ಟಿಕ್ಕುತ್ತಿತ್ತು.

"ಅಮ್ಮಾ, ಬೈಯೋಕೆ ಬಂದಿದ್ರೆ..."

"ಬೈಯೋಕೇ ಬಂದಿದ್ದು," ಎಂದಳು ಎರ್ಸಿಲಿಯಾ. "ಊಟಕ್ಕೆ ಬರದೆ ಎಷ್ಟು ವಾರ ಆಯ್ತು? ಎಷ್ಟು ಸೊರಗಿದ್ದೀಯ ನೋಡು." ಆಮೇಲೆ ಅವಳು ಮಗಳ ಹತ್ತಿರ ಬಂದಳು. "ನಮ್ಮಪ್ಪ ಆಡಿದ ಮಾತು ನನ್ನ ಬಾಯಲ್ಲಿ ಬಂತು ಮಗಳೇ. ಅದೇ ಮಾತು, ಒಂದಕ್ಷರ ಬಿಡದ ಹಾಗೆ. ಅದನ್ನ ವಾಪಸ್ ತಗೊಳ್ತೀನಿ. ನನಗೆ ಎಲ್ಲಾ ಅರ್ಥ ಆಗಿದೆ ಅಂತಲ್ಲ. ಅರ್ಥ ಆಗೋವರೆಗೂ ನೀನು ಹೊರಗೆ ನಿಂತಿರೋದು ಬೇಡ."

ಮಿರ್ತಾ ಬಣ್ಣದ ಕೈಯಲ್ಲೇ ತಾಯಿಯನ್ನು ತಬ್ಬಿದಳು. ಎರ್ಸಿಲಿಯಾಳ ಒಳ್ಳೆಯ ಕೋಟು ಹಾಳಾಯಿತು. ಅದನ್ನು ಅವಳು ಇವತ್ತಿಗೂ ಹೇಳುತ್ತಾಳೆ.

ಮಾತು ಎಲ್ಲ ಮುಗಿದ ಮೇಲೆ ಒಂದೇ ಅನುಮಾನ ಉಳಿದಿತ್ತು. "ಪ್ರೀತಿಯಿಂದ ಇದ್ದೀರಿ, ಸರಿ. ಆ ಸಹಿ ಯಾಕೆ ಬೇಕು?"

ಉತ್ತರ ಕೊಟ್ಟಿದ್ದು ಫೋಸ್ಕಾ. ದೋಣಿಗೆ ಒರಗಿಕೊಂಡು, ಎರ್ಸಿಲಿಯಾಳ ಮುಖ ನೋಡಲು ಹೆದರಿ, ನೆಲ ನೋಡುತ್ತಾ ಹೇಳಿದಳು: "ಮಿರ್ತಾ ದಿನಾ ಮಂಜಿನಲ್ಲಿ ಬಸ್ಸು ಓಡಿಸ್ತಾಳೆ, ಸಿನ್ಯೋರಾ. ನಾಳೆ ಏನಾದ್ರೂ ಆದ್ರೆ, ಆಸ್ಪತ್ರೆ ಬಾಗಿಲಲ್ಲಿ ನೀವು ಯಾರು ಅಂತ ನನ್ನ ಕೇಳಬಾರದು. ಆ ಸಹಿ ಇದ್ರೆ ಕೇಳೋ ಹಾಗಿಲ್ಲ. ಒಬ್ಬರಿಗೆ ಏನಾದ್ರೂ ಆದ್ರೆ ಇನ್ನೊಬ್ಬರು ಬೀದಿಗೆ ಬೀಳೋ ಹಾಗೂ ಇಲ್ಲ."

ಎರ್ಸಿಲಿಯಾಗೆ ಮತ್ತೇನೂ ಕೇಳಬೇಕೆನ್ನಿಸಲಿಲ್ಲ.

ಮೇ ತಿಂಗಳ ಕೊನೆಯ ಶನಿವಾರ. ಆಕಾಶ ತೊಳೆದ ಹಾಗಿತ್ತು. ಜೊಂಡಿನ ನಡುವೆ ಬೆಳ್ಳಕ್ಕಿಗಳು ಏನೂ ಅವಸರವಿಲ್ಲದೆ ನಡೆಯುತ್ತಿದ್ದವು. ಪುರಸಭೆಯ ಮೆಟ್ಟಿಲ ಮೇಲೆ ಅರ್ಧ ಊರು ನಿಂತಿತ್ತು, ಇನ್ನರ್ಧ ಕಿಟಕಿಯಿಂದ ನೋಡುತ್ತಿತ್ತು. ತ್ರಿಯೆಸ್ತೆಯಿಂದ ನೇವಿಯೊ ಬಂದಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಜೊತೆಗೆ ಅವನ ಸಂಗಾತಿ ಬೋಗ್ದಾನ್, ಎತ್ತರದ ಆಳು, ಕೈಯಲ್ಲಿ ದೊಡ್ಡ ಕೇಕಿನ ಡಬ್ಬಿ. ವಾಲ್ಟೆರ್ ಮತ್ತು ನೇವಿಯೊ ಒಬ್ಬರಿಗೊಬ್ಬರು ಎದುರು ನಿಂತರು. ಒಂದು ಚಳಿಗಾಲವಿಡೀ ಕಿವಿಗೆ ಕಿವಿ ಕೊಟ್ಟು ಕಳೆದವರು, ಮುಖ ನೋಡಿದ್ದು ಅದೇ ಮೊದಲು. ಇಬ್ಬರಿಗೂ ನಾಚಿಕೆಯಾಯಿತು. ಕೊನೆಗೆ ವಾಲ್ಟೆರ್ ತನ್ನ ಮಂಡಿನೋವಿನ ವಿಷಯ ಶುರುಮಾಡಿದ. ನೇವಿಯೊ ಅವನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಮಿರ್ತಾಳ ಕಡೆ ಸಾಕ್ಷಿ ನೇವಿಯೊ ಮಾಮ, ಫೋಸ್ಕಾಳ ಕಡೆ ಸಾಕ್ಷಿ ವಾಲ್ಟೆರ್.

ಫೋಸ್ಕಾಳ ತಂದೆತಾಯಿ ಬರಲಿಲ್ಲ. ಅವಳು ಬಾಗಿಲ ಕಡೆ ಮತ್ತೆ ಮತ್ತೆ ನೋಡುತ್ತಿದ್ದಳು. ಹೊಸ ಅಂಗಿಯ ಕಾಲರು ಒಂದು ಕಡೆ ಒಳಗೆ ಮಡಿಚಿಕೊಂಡಿತ್ತು. ಅಧಿಕಾರಿ ಇನ್ನೇನು ಓದಲು ಶುರುಮಾಡಬೇಕು, ಮುಂದಿನ ಸಾಲಿನಿಂದ ಎರ್ಸಿಲಿಯಾ ಎದ್ದಳು. ಅವಳು ನೇರ ಫೋಸ್ಕಾಳ ಹತ್ತಿರ ಹೋಗಿ, ಕಾಲರು ಹೊರಗೆಳೆದು, ತಟ್ಟಿ ಸರಿಮಾಡಿದಳು.

"ಥ್ಯಾಂಕ್ಸ್, ಸಿನ್ಯೋರಾ," ಎಂದಳು ಫೋಸ್ಕಾ.

"ಸಿನ್ಯೋರಾ ಅನ್ನೋದು ಬಿಡು. ಊರಿಗೆಲ್ಲಾ ನಾನು ಸಿನ್ಯೋರಾನೇ. ನೀನು ಅಮ್ಮ ಅನ್ನು." ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಸ್ವಲ್ಪ ಬೇಗ ಓದಿ ಸ್ವಾಮಿ, ಒಲೆ ಮೇಲೆ ನೀರು ಕುದೀತಿದೆ," ಎಂದಳು.

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಕ್ಕ ತಮ್ಮಂದಿರೇ, ನೀವು ಯಾವ ಊರಿನವರೋ ನನಗೆ ತಿಳಿಯದು. ಆದರೆ ನಿಮ್ಮ ಊರಿನಲ್ಲೂ, ನಿಮ್ಮ ಬೀದಿಯಲ್ಲೂ, ಬಹುಶಃ ನಿಮ್ಮ ಮನೆಯಲ್ಲೇ ಒಬ್ಬ ನೇವಿಯೊ, ಒಬ್ಬಳು ಮಿರ್ತಾ ಇದ್ದಾರೆ. ಅವರಿಗೆ ಕಾಯಿಲೆ ಇಲ್ಲ. ವೈದ್ಯರ ಹತ್ತಿರ, ದೇವರ ಹತ್ತಿರ ಬದಲಾಯಿಸಲು ಎಳೆದೊಯ್ಯಬೇಡಿ. ಬೆದರಿಸಿ ಮದುವೆ ಮಾಡಬೇಡಿ, ಅದರಿಂದ ಇಬ್ಬರ ಬಾಳು ಹಾಳು. ಅವರು ನಿಮಗೆ ಹೇಳಬೇಕೆಂದು ಬಂದಾಗ ಎಷ್ಟೋ ವರ್ಷ ಅಳೆದು ಸುರಿದು ಧೈರ್ಯ ತಂದುಕೊಂಡಿರುತ್ತಾರೆ. ಆ ಹೊತ್ತಿಗೆ ನಿಮಗೆ ಒಳ್ಳೆಯ ಮಾತು ಸಿಗದಿದ್ದರೆ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅನುಮಾನ ಇದ್ದರೆ ತಿಳಿದವರನ್ನು ಕೇಳಿ. ಇಂಥ ಸಂಘಗಳು ಈಗ ಬಹಳ ಕಡೆ ಇವೆ, ಬಾಗಿಲು ತಟ್ಟಿದರೆ ಮಾತಾಡಿಸುತ್ತಾರೆ.

ಇನ್ನು, ಯಾರಿಗೂ ಹೇಳಲಾಗದೆ ಒಳಗೊಳಗೇ ಇಟ್ಟುಕೊಂಡು ಇದನ್ನು ಓದುತ್ತಿರುವ ತಂಗಿಯೇ, ತಮ್ಮನೇ, ನೀವು ಒಬ್ಬರೇ ಅಲ್ಲ. ಇವತ್ತೇ ಹೇಳಬೇಕೆಂದಿಲ್ಲ. ನಂಬುವ ಒಬ್ಬರನ್ನು ಹುಡುಕಿಕೊಳ್ಳಿ, ಬೇಕಾದಷ್ಟು ಸಮಯ ತೆಗೆದುಕೊಳ್ಳಿ. ಬದುಕಿರಿ. ನಿಮಗಾಗಿ ಕಾದಿರುವವರು ಇದ್ದಾರೆ, ಅವರಿಗೆ ನಿಮ್ಮ ಹೆಸರು ಇನ್ನೂ ಗೊತ್ತಿಲ್ಲ, ಅಷ್ಟೇ.